ಗಿರಿಮಲ್ಲಪ್ಪನವರ ಹವಾಮಾನ ಗ್ಯಾರಂಟಿ

ನಮ್ಮ ಬನಹಟ್ಟಿಯಲ್ಲಿ ಎಲ್ಲರೂ ಜೋರಾಗಿ ಮಾತಾಡುತ್ತಾರೆ. ಹೊರಗಿನಿಂದ ಬಂದವರಿಗೆ ಊರ ತುಂಬ ಜಗಳ ನಡೆದಿದೆ ಎನಿಸುತ್ತದೆ. ಜಗಳವೇನೂ ಅಲ್ಲ. ಓಣಿಯ ಎರಡೂ ಬದಿಗೆ ಬೆಳಗಿನಿಂದ ಸಂಜೆಯವರೆಗೆ ಮಗ್ಗಗಳು ಖಟಾ ಖಟಾ ಎಂದು ಬಡಿದುಕೊಳ್ಳುತ್ತಿರುವಾಗ, ಆಡಿದ ಮಾತು ಎದುರಿನವನ ಕಿವಿ ಮುಟ್ಟಬೇಕಾದರೆ ಕೂಗಲೇಬೇಕು. ಊಟಕ್ಕೆ ಕುಳಿತ ಗಂಡ ಉಪ್ಪು ಕೇಳಿದರೂ ಕೂಗಿಯೇ ಕೇಳುತ್ತಾನೆ. ಪ್ರೇಮಿಗಳು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಇಲ್ಲಿ ಸಾಲಿ ಮಾಸ್ತರ, ಆ ವಿಷಯ ನಮ್ಮ ಪಠ್ಯದಲ್ಲಿ ಇಲ್ಲ.

ಈ ಕೂಗಾಟಕ್ಕೆ ಇರುವ ಅಪಾಯ ಒಂದೇ, ಅದು ಕರೆಂಟು. ಕರೆಂಟು ಹೋದ ತಕ್ಷಣ ಮಗ್ಗಗಳು ನಿಲ್ಲುತ್ತವೆ, ಆದರೆ ನಾಲಿಗೆ ನಿಲ್ಲುವುದಿಲ್ಲ. ಯಾರಾದರೂ ನಡುವಾಕ್ಯದಲ್ಲಿ ಸಿಕ್ಕಿಬಿದ್ದರೆ, ಒಬ್ಬನಿಗೆಂದು ಕೂಗಿದ್ದು ಇಡೀ ಓಣಿಗೆ ಕೇಳಿಸುತ್ತದೆ. ಹೀಗೆ ಸಿಕ್ಕಿಬಿದ್ದು ಎರಡು ಮದುವೆ ಮುರಿದಿವೆ, ಒಂದು ಮದುವೆ ಆಗಿದೆ. ನಮ್ಮ ಎದುರು ಮನೆಯ ಗಿರಿಮಲ್ಲಪ್ಪನವರು ಮಾತ್ರ ಹೀಗೆ ಸಿಕ್ಕಿಬಿದ್ದು ಹವಾಮಾನ ತಜ್ಞರಾದರು.

ಗಿರಿಮಲ್ಲಪ್ಪನವರದು ಮನೆಯ ಮುಂಭಾಗದಲ್ಲೇ ನೂಲಿನ ಅಂಗಡಿ. ಅದನ್ನು ಮಗ ವೀರೇಶನಿಗೆ ಒಪ್ಪಿಸಿ ಮೂರು ವರ್ಷವಾಯಿತು. ಅಂದಿನಿಂದ ಅವರ ಪೂರ್ಣಾವಧಿ ಕೆಲಸವೆಂದರೆ ಚಹಾದಂಗಡಿಯಲ್ಲಿ ಕುಳಿತು ಶ್ರೇಣಿಕನನ್ನು ವಿರೋಧಿಸುವುದು. ಶ್ರೇಣಿಕ ತೇರದಾಳ ಕಡೆಯ ಜೈನರ ಪೈಕಿ, ಸೀರೆ ವ್ಯಾಪಾರಿ, ಗಿರಿಮಲ್ಲಪ್ಪನವರ ಬಾಲ್ಯದ ಗೆಳೆಯ, ದಿನಾ ಪೇಪರು ಓದುವ ಮನುಷ್ಯ. ಆತ ಹಾಲು ಬೆಳ್ಳಗಿದೆ ಎಂದರೆ ಇವರು "ಯಾವ ಎಮ್ಮೀದು?" ಎಂದು ಕೇಳುತ್ತಾರೆ. ಸಾಲಿಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಶುರುಮಾಡಿದ ವಾದ ಇನ್ನೂ ಮುಗಿದಿಲ್ಲ.

ಅಂದು ಶಿವರಾತ್ರಿಗೆ ಇನ್ನೂ ಹದಿನೈದು ದಿನವಿತ್ತು. ಶ್ರೇಣಿಕ ಪೇಪರಿನಿಂದ ತಲೆ ಎತ್ತಿ, ಭೂಮಿ ಬಿಸಿಯಾಗುತ್ತಿದೆಯಂತೆ, ಮಳೆಗಾಲದ ಲೆಕ್ಕವೆಲ್ಲ ಕೆಟ್ಟಿದೆಯಂತೆ ಎಂದು ಕೂಗಿದ. ಗಿರಿಮಲ್ಲಪ್ಪನವರು ಬಸಿಯಲ್ಲಿದ್ದ ಚಹಾ ಒಂದೇ ಗುಟುಕಿಗೆ ಮುಗಿಸಿ ಎದ್ದು ನಿಂತರು.

"ಹವಾಮಾನ ಬದಲಾಗೇತಿ ಅನ್ನೂದೆಲ್ಲಾ ಹಸೀ ಸುಳ್ಳಲೇ! ನಮ್ಮಪ್ಪನ ಕಾಲದಾಗ ಹೆಂಗಿತ್ತೋ ಇವತ್ತೂ ಹಂಗ ಐತಿ! ಯುಗಾದಿ ಆದ ಮ್ಯಾಲ..."

ಇಲ್ಲಿ ಕರೆಂಟು ಹೋಯಿತು.

"...ಶಾವಿಗಿ ಮಾಡ್ರಿ! ಒಂದ ಹನಿ ಬಿದ್ದರ ಬಂದು ನನ್ನ ಕೇಳ್ರಿ! ನಂದ ಗ್ಯಾರಂಟಿ!"

ಇಡೀ ಓಣಿ ಗಪ್ಪಾಗಿತ್ತು. ಗಿರಿಮಲ್ಲಪ್ಪನವರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಹನ್ನೊಂದು ಹೆಂಗಸರು ಒಟ್ಟಿಗೆ ತಿರುಗಿ ನೋಡಿದರು. ಅವರ ನಡುವೆ ಗಿರಿಮಲ್ಲಪ್ಪನವರ ಹೆಂಡತಿ ಶಿವವ್ವನವರು ಕುಳಿತಿದ್ದರು. ಅವರ ಮುಖವನ್ನು ನಾನು ನಮ್ಮ ಬಾಗಿಲಿನಿಂದ ಕಂಡೆ, ಕಂಡು ಒಳಗೆ ಹೋದೆ.

ಆ ಹನ್ನೊಂದು ಮಂದಿ ಅಂದು ಕೂಡಿದ್ದೇ ಶಾವಿಗೆಯ ವಿಷಯಕ್ಕೆ. ನಮ್ಮ ಓಣಿಯಲ್ಲಿ ಶಾವಿಗೆಯನ್ನು ಒಬ್ಬೊಬ್ಬರೇ ಮಾಡುವುದಿಲ್ಲ. ಎಲ್ಲರ ಹಿಟ್ಟೂ ಶಿವವ್ವನವರ ಮಾಳಿಗೆಗೆ ಬರುತ್ತದೆ, ಏಕೆಂದರೆ ಓಣಿಯಲ್ಲಿ ಅದೇ ದೊಡ್ಡ ಮಾಳಿಗೆ. ಅಲ್ಲಿ ಅವರ ಉದ್ದನೆಯ ಶಾವಿಗಿ ಮಣೆಯನ್ನು ಒಂದು ತುದಿ ಎತ್ತರಿಸಿ ಇಡುತ್ತಾರೆ. ಶಿವವ್ವನವರು ಅದರ ಮೇಲೆ ಕುಳಿತು ಹಿಟ್ಟನ್ನು ಅಂಗೈಯಲ್ಲಿ ಹೊಸೆದರೆ ನೂಲಿಗಿಂತ ಸಣ್ಣ ಎಳೆ ಕೆಳಗಿಳಿಯುತ್ತದೆ. ಕೆಳಗೆ ಕುಳಿತವರು ಅದನ್ನು ಹಿಡಿದು ಕೋಲಿನ ಮೇಲೆ ಹಾಕಿ ಬಿಸಿಲಿಗೆ ಒಣಗಿಸುತ್ತಾರೆ. ಹೊಸ ಗೋಧಿ ಬಂದು, ಯುಗಾದಿ ಆದ ಮೇಲೆ ಇದು ನಡೆಯುವುದು ಪದ್ಧತಿ. ಆದರೆ ಈಚೆಗೆ ಯುಗಾದಿ ಕಳೆಯಿತೆಂದರೆ ಮಧ್ಯಾಹ್ನ ಮೋಡವಾಗಿ, ಗಾಳಿ ಎದ್ದು, ಧೋ ಎಂದು ಸುರಿದುಬಿಡುತ್ತದೆ. ಹನ್ನೊಂದು ಮನೆಯ ಒಂದು ವರ್ಷದ ಶಾವಿಗೆ ಕಾಲು ಗಂಟೆಯಲ್ಲಿ ಮುದ್ದೆಯಾಗುತ್ತದೆ. ಅದಕ್ಕೇ ಶಿವವ್ವನವರು ಈ ಸಲ ಶಿವರಾತ್ರಿಗೆ ಮುಂಚೆಯೇ, ಇದ್ದ ಹಳೆಯ ಗೋಧಿಯಲ್ಲೇ ಮಾಡಿ ಮುಗಿಸೋಣ ಎಂದು ಒಂದು ತಾಸಿನಿಂದ ಎಲ್ಲರನ್ನೂ ಒಪ್ಪಿಸುತ್ತಿದ್ದರು. ಅವರೂ ಸೇರಿ ಹತ್ತು ಮಂದಿ ಒಪ್ಪಿಯೂ ಆಗಿತ್ತು. ಹನ್ನೊಂದನೆಯವರು ಶ್ರೇಣಿಕನ ತಾಯಿ ಮಹಾದೇವಿ ಆಯಿ. ಓಣಿಯಲ್ಲಿ ಎಲ್ಲರಿಗಿಂತ ಹಿರಿಯರು, ಹಳೆಯ ಗೋಧಿ ಎಂದರೆ ಮೂಗು ಮುರಿಯುವವರು.

"ಕೇಳಿದ್ರೇನವಾ?" ಎಂದರು ಮಹಾದೇವಿ ಆಯಿ. "ಗಂಡಸು ನಡು ಓಣ್ಯಾಗ ನಿಂತು ಗ್ಯಾರಂಟಿ ಕೊಟ್ಟಾನ. ಇನ್ನೇನು ಬೇಕು? ಹೊಸ ಗೋಧಿ ಬರಲಿ, ಯುಗಾದಿ ಆಗಲಿ."

ಶಿವವ್ವನವರು ಒಂದು ಮಾತೂ ಆಡಲಿಲ್ಲ. ಆಡುವಂತೆಯೂ ಇರಲಿಲ್ಲ. ಹೆಂಡತಿಯೇ ಒಪ್ಪದ ಗ್ಯಾರಂಟಿ ಎಂದು ಊರು ನಗಬಾರದಲ್ಲ. ಗಿರಿಮಲ್ಲಪ್ಪನವರು ಮನೆಗೆ ಬಂದ ಮೇಲೆ ಮಾತ್ರ ಆಡಿದರು. ಅಷ್ಟರಲ್ಲಿ ಕರೆಂಟು ಬಂದಿತ್ತು, ಹಾಗಾಗಿ ಕೂಗಿ ಆಡಿದರು, ಹಾಗಾಗಿ ನನಗೂ ಕೇಳಿಸಿತು.

"ಆತು. ನಿಮ್ಮ ಮಾತಿಗೆ ನಿಂತೇನಿ. ಯುಗಾದಿ ಆದ ಮ್ಯಾಲನ ಮಾಡತೇವಿ. ಆದರ ಈ ಸಲ ತೊಯ್ದರ ನಾ ಮತ್ತ ಮಣಿ ಮುಟ್ಟಂಗಿಲ್ಲ. ಅಟ್ಟಕ್ಕ ಹಾಕಸತೇನಿ. ಅಂಗಡಿ ಶಾವಿಗಿ ತಂದು ತಿನ್ರಿ, ನೀವೂ, ಓಣಿ ಮಂದೀನೂ."

ಅಂಗಡಿಯ ಶಾವಿಗೆ ನಾನೂ ತಿಂದಿದ್ದೇನೆ. ಅದನ್ನು ಕುದಿಸಿದರೆ ಅಂಟಾಗುತ್ತದೆ, ಅದರಿಂದ ಮಕ್ಕಳ ಪುಸ್ತಕಕ್ಕೆ ರಟ್ಟು ಹಾಕಬಹುದು. ಶಿವವ್ವನವರ ಶಾವಿಗೆಗೆ ಬಿಸಿ ಹಾಲು, ಬೆಲ್ಲ, ತುಪ್ಪ ಹಾಕಿ ಉಂಡವನಿಗೆ ಮಾತ್ರ ಆ ಮಣೆ ಅಟ್ಟ ಹತ್ತುವುದೆಂದರೆ ಏನೆಂದು ಗೊತ್ತು. ಸರಕಾರ ಕೊಟ್ಟದ್ದು ಐದು ಗ್ಯಾರಂಟಿ. ಆರನೆಯದಕ್ಕೆ ನಮ್ಮ ಓಣಿ ಹೀಗೆ ಸಿಕ್ಕಿಕೊಂಡಿತು.

ವಿಷಯ ಇಲ್ಲಿಗೇ ನಿಲ್ಲಬಹುದಿತ್ತು. ಆದರೆ ಫೋಟೋ ಸ್ಟುಡಿಯೋದ ರಾಜಕುಮಾರನಿಗೆ ಮದುವೆ ಸೀಜನ್ನು ಇನ್ನೂ ಶುರುವಾಗಿರಲಿಲ್ಲ. ಆತನಿಗೊಂದು ಯೂಟ್ಯೂಬ್ ಚಾನೆಲ್ಲು, ಅದಕ್ಕೆ ಹದಿನಾಲ್ಕು ಸಾವಿರ ಮಂದಿ. ಮರುದಿನವೇ ಕ್ಯಾಮೆರಾ ಹೊತ್ತು ನೂಲಿನ ಅಂಗಡಿಗೆ ಬಂದ.

"ಕಾಕಾ, ಉತ್ತರ ಧ್ರುವದಾಗ ಹಿಮ ಕರಗಾಕತ್ತೇತಿ ಅಂತಾರ. ಏನಂತೀರಿ?"

"ನೋಡಿ ಬಂದವರು ಯಾರರ ಅದಾರೇನು ನಮ್ಮ ಓಣ್ಯಾಗ?"

"ಇಲ್ರಿ."

"ಮತ್ತ?"

ಈ 'ಮತ್ತ?' ಎನ್ನುವುದೇ ಗಿರಿಮಲ್ಲಪ್ಪನವರ ಮುಖ್ಯ ಸಿದ್ಧಾಂತ. ಇದಕ್ಕೆ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ.

"ಸೆಕಿ ಹೆಚ್ಚಾಗೇತಿ ಅಲ್ರಿ ಕಾಕಾ?"

"ಸೆಕಿ ಹೆಚ್ಚಾಗಿಲ್ಲೋ ತಮ್ಮಾ, ಫ್ಯಾನ್ ಹೆಚ್ಚಾಗ್ಯಾವ. ಮೊದಲ ಫ್ಯಾನ್ ಇರಲಿಲ್ಲ, ಸೆಕಿ ಅಂದ್ರೇನಂತ ಗೊತ್ತಿರಲಿಲ್ಲ. ಈಗ ಫ್ಯಾನ್ ನಿಂತಾಗೊಮ್ಮೆ ಗೊತ್ತಾಗತೈತಿ."

"ಜಮಖಂಡಿ ಕಡೆ ಕೃಷ್ಣಾ ಹೊಳಿ ಬಂದು ಊರಾಗ ನೀರ ಹೊಕ್ಕವಲ್ರಿ?"

"ಹೊಳಿ ಅಂದ ಮ್ಯಾಲ ಬರತೈತಿ. ಬರದಿದ್ದರ ಅದಕ್ಕ ರಸ್ತೆ ಅಂತಾರ."

ವಿಡಿಯೋಕ್ಕೆ ರಾಜಕುಮಾರ 'ವಿಜ್ಞಾನಿಗಳಿಗೆ ಬನಹಟ್ಟಿ ಹಿರಿಯರ ಸವಾಲ್' ಎಂದು ಹೆಸರಿಟ್ಟ. ಮೂರು ದಿನದಲ್ಲಿ ಅದು ಮುಧೋಳ ದಾಟಿ, ಬೀಳಗಿ ಮುಟ್ಟಿ, ಗಿರಿಮಲ್ಲಪ್ಪನವರ ಬೀಗರ ಫೋನಿನ ಮೂಲಕ ಅವರಿಗೇ ವಾಪಸು ಬಂತು. ಗಿರಿಮಲ್ಲಪ್ಪನವರು ಅದನ್ನು ಒಂಬತ್ತು ಸಲ ನೋಡಿದರು. ಮೊದಲು ಅವರು ಶ್ರೇಣಿಕನಿಗೆ ಎದುರಾಡಬೇಕೆಂದು ಮಾತ್ರ ಹೇಳಿದ್ದರು. ಒಂಬತ್ತನೆಯ ಸಲದ ಹೊತ್ತಿಗೆ ಅವರಿಗೂ ಅದು ಖರೆ ಎನಿಸಿತು. ಹೊಸ ಧೋತರ ತೆಗೆಸಿದರು. ಆಕಾಶ ನೋಡುವಾಗ ಕಣ್ಣು ಸಣ್ಣ ಮಾಡುವುದನ್ನು ರೂಢಿ ಮಾಡಿಕೊಂಡರು.

ಜನ ಬರತೊಡಗಿದರು. ತಿಮ್ಮಾಪುರದಿಂದ ಕರೆಪ್ಪ ಎಂಬಾತ ತನ್ನ ಬೇಟೆನಾಯಿಯನ್ನೇ ಮೋಟರ್ ಸೈಕಲ್ ಮೇಲೆ ಕೂರಿಸಿಕೊಂಡು ಬಂದ. ನಾಯಿ ಮೊದಲು ಮೊಲದ ಹಿಂದೆ ಬಿಟ್ಟ ಬಾಣದಂತೆ ಓಡುತ್ತಿತ್ತಂತೆ, ಈಗ ಹತ್ತು ಗಂಟೆಯಾಯಿತೆಂದರೆ ನೆರಳು ಬಿಟ್ಟು ಏಳುವುದಿಲ್ಲವಂತೆ, ಬಿಸಿಲು ಹೆಚ್ಚಾಗಿದ್ದಕ್ಕೆ ಇರಬಹುದೇ ಎಂದು ಆತನ ಪ್ರಶ್ನೆ. ಗಿರಿಮಲ್ಲಪ್ಪನವರು ನಾಯಿಯನ್ನು ಕಣ್ಣು ಸಣ್ಣ ಮಾಡಿ ನೋಡಿದರು. "ಬಿಸಲಿಗೇನೂ ಆಗಿಲ್ಲ. ನಾಯಿಗೆ ಮೈಗಳ್ಳತನ ಬಂದೈತಿ" ಎಂದರು. ನಾಯಿಯೂ ಅವರನ್ನು ನೋಡಿತು. ಆಮೇಲೆ ಅಂಗಡಿಯ ಮೇಜಿನ ಕೆಳಗೆ ಹೋಗಿ, ನೆರಳಿನಲ್ಲಿ ಮಲಗಿ, ಸಂಜೆ ಐದರವರೆಗೆ ಏಳಲಿಲ್ಲ. ಕರೆಪ್ಪ ಅಲ್ಲಿಯವರೆಗೆ ಕುಳಿತಿದ್ದ, ಎರಡು ಸಲ ಚಹಾ ಕುಡಿದ.

ಬಾಡಗಂಡಿಯಿಂದ ಕಬ್ಬಿನ ರೈತ ಕಾಶಪ್ಪ ಬಂದ. ಯುಗಾದಿ ಆದ ಮೇಲಿನ ಸೋಮವಾರ ಮಗಳ ಮದುವೆ, ಪೆಂಡಾಲಿಗೆ ಮೇಲೆ ತಗಡು ಹಾಕಿಸಬೇಕೋ, ಬಟ್ಟೆ ಸಾಕೋ ಎಂದು ಕೇಳಿದ.

"ಬಟ್ಟಿ ಸಾಕು" ಎಂದರು ಗಿರಿಮಲ್ಲಪ್ಪನವರು. "ನಮ್ಮ ಮದಿವ್ಯಾಗ ಬಟ್ಟೀನೂ ಇರಲಿಲ್ಲ."

ನನ್ನ ಹೆಂಡತಿ ಸರಿತಾ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. "ರೀ, ನೀವು ಕಲಿತವರು. ಅವರಿಗೆ ಒಂದು ಮಾತು ಹೇಳ್ರಿ" ಎಂದಳು. ನಾನು ಹೇಳಲಿಲ್ಲ. ಕಲಿತವರ ಮುಖ್ಯ ಲಕ್ಷಣವೇ ಅದು.

ಕೊನೆಗೆ ಕಾಲೇಜಿನವರು ಚರ್ಚಾಕೂಟ ಇಟ್ಟರು. ಯುಗಾದಿ ಕಳೆದು ಬರುವ ಭಾನುವಾರ. 'ಹವಾಮಾನ ಬದಲಾವಣೆ: ನಿಜವೋ ಸುಳ್ಳೋ?' ಎಂದು ಇಪ್ಪತ್ತು ಅಡಿಯ ಫ್ಲೆಕ್ಸು. ಒಂದು ಬದಿಗೆ ಭೂಗೋಳದ ಉಪನ್ಯಾಸಕಿ ಶೈಲಾ ಅವರ ಸಣ್ಣ ಫೋಟೋ, ಇನ್ನೊಂದು ಬದಿಗೆ ಗಿರಿಮಲ್ಲಪ್ಪನವರ ದೊಡ್ಡ ಫೋಟೋ. ಫ್ಲೆಕ್ಸು ಮಾಡಿದವನು ರಾಜಕುಮಾರ, ಅಳತೆ ಅವನದೇ. ಶ್ರೇಣಿಕ ಶೈಲಾ ಅವರ ಪರವಾಗಿ ಎರಡು ಮಾತಾಡುವುದು, ನಾನು ಗಂಟೆ ಬಾರಿಸಿ ಸಮಯ ಹೇಳುವುದು ಎಂದು ಗೊತ್ತಾಯಿತು.

ಅದೇ ಭಾನುವಾರ ಓಣಿಯ ಶಾವಿಗೆ. ಬೆಳಿಗ್ಗೆ ಆಕಾಶ ತೊಳೆದಿಟ್ಟಷ್ಟು ನೀಲಿಯಾಗಿತ್ತು. ಶಿವವ್ವನವರು ಆರು ಗಂಟೆಗೇ ಮಣೆಯ ಮೇಲೆ ಕುಳಿತಿದ್ದರು. ಗಿರಿಮಲ್ಲಪ್ಪನವರು ಹೊಸ ಧೋತರ ಉಟ್ಟು, ಮಾಳಿಗೆ ಹತ್ತಿ, ಆಕಾಶಕ್ಕೆ ಒಂದು ಸಲ ಕೈ ಬೀಸಿ ಹೆಂಗಸರಿಗೆ ತೋರಿಸಿದರು, ತಾವೇ ಮಾಡಿಸಿದವರಂತೆ.

"ನೋಡಿದಿರೇನವಾ?"

"ಮಧ್ಯಾಹ್ನ ನೋಡೂಣು" ಎಂದರು ಶಿವವ್ವನವರು, ಹಿಟ್ಟಿನಿಂದ ಕಣ್ಣು ಎತ್ತದೆ.

ಇಳಿಯುವಾಗ ಗಿರಿಮಲ್ಲಪ್ಪನವರು ಅಡುಗೆಮನೆಯ ಟ್ರಂಕಿನಿಂದ ಒಂದು ನೂಲಿನ ಚೀಲ ತುಂಬಿಕೊಂಡು ಬಂದರು. ಅದರಲ್ಲಿ ಸುರುಳಿ ಸುತ್ತಿದ ಹಳೆಯ ಗೋಡೆ ಕ್ಯಾಲೆಂಡರುಗಳು ಇದ್ದವು. ನಮ್ಮ ಕಡೆಯ ಎಲ್ಲ ಹೆಂಗಸರಂತೆ ಶಿವವ್ವನವರೂ ಹಾಲು ಎಷ್ಟು, ಸಿಲಿಂಡರು ಯಾವಾಗ, ಶಾವಿಗೆ ಹಪ್ಪಳ ಯಾವ ದಿನ ಎಂದು ಕ್ಯಾಲೆಂಡರಿನ ಪ್ರತಿ ತಾರೀಖಿನ ಮನೆಯಲ್ಲೂ ಸಣ್ಣಗೆ ಬರೆಯುತ್ತಾರೆ. ವರ್ಷ ಮುಗಿದರೂ ಎಸೆಯುವುದಿಲ್ಲ.

"ಮೂವತ್ತ ವರ್ಷದ್ದು ದಾಖಲಿ ಅದಾವ ಮಾಸ್ತರ" ಎಂದರು ನನಗೆ. "ಆ ಮೇಡಂ ಪುಸ್ತಕ ತರಲಿ, ನಾ ಇವನ್ನ ತಗೀತೇನಿ."

"ಎಲ್ಲಾ ಓದೀರೇನ್ರಿ?"

"ಮೂರು ಓದೇನಿ. ಒಂದು ಅಗಳ ಅನ್ನ ನೋಡಿದರ ಇಡೀ ಗಡಿಗಿ ಗೊತ್ತಾಗತೈತಿ."

ಅವರು ಓದಿದ್ದು ಹಳೆಯ ಮೂರು. ಮೇಲೆ ಸಿಕ್ಕವು ಅವೇ ಎಂದು ಆಮೇಲೆ ತಿಳಿಯಿತು.

ಕಾಲೇಜಿನ ಸಭಾಂಗಣ ತುಂಬಿತ್ತು. ಅಧ್ಯಕ್ಷರಾದ ಹಿರಿಯರೊಬ್ಬರು ಮುಕ್ಕಾಲು ಗಂಟೆ ಮಾತಾಡಿದರು. ಹವಾಮಾನ ಬದಲಾಗಬಾರದು, ಒಂದು ವೇಳೆ ಬದಲಾದರೆ ತಮ್ಮ ಸಂಪೂರ್ಣ ಸಹಕಾರ ಇರುತ್ತದೆ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ನಾನು ಗಂಟೆ ಬಾರಿಸಿದೆ. ಅವರು ಅದನ್ನು ಚಪ್ಪಾಳೆಯ ಭಾಗವೆಂದು ತಿಳಿದು ಇನ್ನೂ ಹತ್ತು ನಿಮಿಷ ಮಾತಾಡಿದರು.

ಗಿರಿಮಲ್ಲಪ್ಪನವರು ಎದ್ದು ಚೀಲವನ್ನು ಮೇಜಿನ ಮೇಲೆ ಸುರಿದರು. ಮೇಲಿನ ಸುರುಳಿ ಬಿಡಿಸಿ ಮೈಕಿನಲ್ಲಿ ಓದಿದರು.

"ಮೂವತ್ತ ವರ್ಷದ ಹಿಂದ. ಏಪ್ರಿಲ್ ಮೂರು. ಶಾವಿಗಿ ಆತು. ಬಿಸಲು ಛಲೋ! ಮರು ವರ್ಷ. ಶಾವಿಗಿ ಆತು. ಬಿಸಲು ಛಲೋ! ಅದರ ಮರು ವರ್ಷ..."

"ಬಿಸಲು ಛಲೋ!" ಎಂದು ಹುಡುಗರು ಕೂಗಿದರು.

"ನಮ್ಮ ಮನಿಯಾಕಿ ಬರದದ್ದು. ಆಕಿ ಸುಳ್ಳ ಬರಿಯಾಕಿ ಅಲ್ಲ" ಎಂದು ಹೇಳಿ ಗಿರಿಮಲ್ಲಪ್ಪನವರು ಕುಳಿತರು. ಅಂದು ಅವರು ಆಡಿದ ಮಾತುಗಳಲ್ಲಿ ಯಾರೂ ಅಲ್ಲಗಳೆಯಲಾಗದ ಮಾತು ಅದೊಂದೇ.

ಶೈಲಾ ಅವರು ಎದ್ದರು. ಸಣ್ಣ ಮೈಕಟ್ಟು, ಸಮಾಧಾನದ ದನಿ. "ಕಾಕಾ, ಒಂದು ಮಳಿ ನೋಡಿ ಹವಾಮಾನ ಬದಲಾತು ಅನ್ನಾಕ ಬರಂಗಿಲ್ಲ, ಒಂದು ಬಿಸಲು ನೋಡಿ ಇಲ್ಲ ಅನ್ನಾಕೂ ಬರಂಗಿಲ್ಲ. ಮೂವತ್ತು ವರ್ಷ ಬಿಡದ ಬರದಿಟ್ಟದ್ದು ಬೇಕು. ಅಂಥಾದ್ದು ಎಲ್ಲಿ ಸಿಗತೈತಿ ಅಂತ ಹುಡುಕಾಕತ್ತಿದ್ನಿ. ನೀವ ತಂದು ಕೊಟ್ರಿ. ಉಳಿದವೂ ಓದಲೇನ್ರಿ?"

"ಓದವ್ವಾ" ಎಂದರು ಗಿರಿಮಲ್ಲಪ್ಪನವರು ಉದಾರವಾಗಿ.

ಶೈಲಾ ಅವರು ಕೆಳಗಿನ ಸುರುಳಿಗಳನ್ನು ಬಿಡಿಸಿದರು.

"ಶಾವಿಗಿ ಅರ್ಧ ತೊಯ್ದವು. ಮೋಡ ಆಗ್ಯಾವ ಅಂತ ಇವರಿಗೆ ಹೇಳಿದ್ನಿ. ಕೇಳಲಿಲ್ಲ."

ಸಭೆ ಕಿವಿ ನಿಮಿರಿಸಿತು.

"ಮುಂದಿನ ವರ್ಷ. ಆಣಿಕಲ್ಲು ಬಿದ್ದವು. ಶಾವಿಗಿ ಮುದ್ದಿ. ಎಮ್ಮಿಗೆ ಹಾಕಿದ್ನಿ. ಎಮ್ಮಿ ತಿನಲಿಲ್ಲ. ಇವರು ತಿಂದ್ರು."

ನಗೆ ಸಭಾಂಗಣದ ಹಿಂದಿನಿಂದ ಹೊರಟು ಮುಂದೆ ಬಂತು. ಅಧ್ಯಕ್ಷರೂ ಕರವಸ್ತ್ರ ತೆಗೆದರು.

"ಮಳಿ ಬರಂಗಿಲ್ಲ ಅಂದು ಮಾಳಿಗಿ ಮ್ಯಾಲ ಮಲಗಿದ್ರು. ಮಳಿ ಬಂತು. ಇವರಿಗೆ ನೆಗಡಿ, ಶಾವಿಗಿಗೆ ಬೂಜು. ಹೇಳಿದ್ನಿ..."

"ಕೇಳಲಿಲ್ಲ!" ಎಂದು ಹುಡುಗಿಯರು ಒಂದೇ ದನಿಯಲ್ಲಿ ಮುಗಿಸಿದರು.

"ಈ ವರ್ಷ ಬಿಸಲಿತ್ತು" ಎಂದು ಶೈಲಾ ಅವರು ಓದಿದ ಕೂಡಲೇ ಗಿರಿಮಲ್ಲಪ್ಪನವರು ಎದ್ದು, "ನೋಡ್ರಿ!" ಎಂದು ಕೂಗಿದರು. ಶೈಲಾ ಅವರು ಮುಂದಿನ ಸಾಲು ಓದಿದರು: "ನೋಡು, ನಾ ಹೇಳಿರಲಿಲ್ಲೇನು ಅಂದ್ರು. ನಾಕು ದಿನ ಅದ ಮಾತು."

ಮೊದಲ ಹತ್ತು ವರ್ಷದಲ್ಲಿ ಶಾವಿಗೆ ತೊಯ್ದದ್ದು ಒಂದು ಸಲ, ಕೊನೆಯ ಹತ್ತು ವರ್ಷದಲ್ಲಿ ಏಳು ಸಲ ಎಂದು ಅವರು ಬೋರ್ಡಿನ ಮೇಲೆ ಬರೆದು ತೋರಿಸಿದರು. ಬರಿಯ ಶಾವಿಗೆಯ ಮೇಲೆ ಎಲ್ಲ ಹೇಳಲಾಗದು, ಆದರೆ ಮಳೆ ಅಳೆಯುವವರ ಅಂಕಿಗಳ ಪಕ್ಕ ಇದನ್ನು ಇಟ್ಟು ನೋಡಬಹುದು ಎಂದರು. ಕೃಷಿ ಇಲಾಖೆಯಿಂದ ಬಂದಿದ್ದ ಅಧಿಕಾರಿ ಎದ್ದು, ಶ್ರೀಮತಿಯವರ ದಾಖಲೆಗಳ ಜೆರಾಕ್ಸ್ ಪ್ರತಿ ಸಿಗಬಹುದೇ, ಎಮ್ಮೆಯ ವಿಷಯ ಬಿಟ್ಟು, ಎಂದು ಕೇಳಿದರು.

ನಾನು ಗಿರಿಮಲ್ಲಪ್ಪನವರ ಪಕ್ಕದಲ್ಲೇ ಕುಳಿತಿದ್ದೆ. ಎಲ್ಲರೂ ನಗುತ್ತಿದ್ದರು, ಅವರು ಮಾತ್ರ ಒಂದು ಕ್ಯಾಲೆಂಡರನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳಿನಿಂದ ಸಾಲು ಹಿಡಿದು ಓದುತ್ತಿದ್ದರು. ಆಮೇಲೆ ನನ್ನ ಕಡೆ ಬಗ್ಗಿದರು.

"ಮಾಸ್ತರ, ಆಕಿ ಇಷ್ಟ ವರ್ಷ ನನಗ ಹೇಳಾಕತ್ತಿದ್ಲೇನ್ರಿ?"

"ಹೌದ್ರಿ. ನಮ್ಮ ಮನೀತನಕ ಕೇಳಸತಿತ್ತು."

"ನನಗ ಕೇಳಸಲಿಲ್ಲ ನೋಡ್ರಿ." ಕ್ಯಾಲೆಂಡರನ್ನು ಮತ್ತೆ ಸುರುಳಿ ಸುತ್ತುತ್ತ, "ಮಗ್ಗದ ಸದ್ದು" ಎಂದರು.

ನನಗೆ ಅವರ ಮೇಲೆ ಬಹಳ ಮರುಕ ಬಂತು. ಅಂಥ ಹೊತ್ತಿನಲ್ಲಿ ಏನು ಹೇಳಬೇಕೋ ತಿಳಿಯದೆ ಗಂಟೆ ಬಾರಿಸಿಬಿಟ್ಟೆ. ಅವರ ಸರದಿ ಬಂತೆಂದು ಎಲ್ಲರೂ ತಿಳಿದರು. ಅವರೂ ಹಾಗೇ ತಿಳಿದು ಮೈಕಿನ ಮುಂದೆ ಹೋಗಿ ನಿಂತರು. ಸೋಲೊಪ್ಪುವ ಪದಗಳು ಅವರ ಬಾಯಿಗೆ ರೂಢಿ ಇರಲಿಲ್ಲ.

"ಆತು, ಹಿಂದಿಂದು ಬಿಡ್ರಿ. ಇವತ್ತಿನ ಮಾತ ಆಡ್ರಿ. ಇವತ್ತ ಬೆಳಿಗ್ಗೆ ನಾನ ಆಕಾಶ ನೋಡಿ ಬಂದೇನಿ..."

ಕರೆಂಟು ಹೋಯಿತು. ಮೈಕು ಸತ್ತಿತು, ಫ್ಯಾನು ನಿಂತಿತು, ಊರಿನ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಮೌನದಲ್ಲಿ ದೂರದಿಂದ ಗುಡುಗುಡು ಎಂದು ಒಂದು ಸದ್ದು ಬಂತು.

"ಯಾರದೋ ಮಗ್ಗ" ಎಂದರು ಗಿರಿಮಲ್ಲಪ್ಪನವರು.

"ಕರೆಂಟ್ ಎಲ್ಲೈತಲೇ?" ಎಂದ ಶ್ರೇಣಿಕ.

ಗಿರಿಮಲ್ಲಪ್ಪನವರು ಕಿಟಕಿಯತ್ತ ನೋಡಿದರು. ರಬಕವಿ ಕಡೆಯ ಆಕಾಶ ಕರ್ರಗಾಗಿತ್ತು. ಅವರು ಬಾಯಿ ತೆರೆದರು, ಮುಚ್ಚಿದರು, ಆಮೇಲೆ "ಶಾವಿಗಿ!" ಎಂದು ಒಂದು ಕೂಗು ಕೂಗಿದರು. ಮೈಕಿಲ್ಲದೆಯೂ ಅದು ಕೊನೆಯ ಬೆಂಚಿನವರೆಗೆ ಮುಟ್ಟಿತು. ವೇದಿಕೆಯಿಂದ ಹಾರಿ ಬಾಗಿಲವರೆಗೆ ಹೋದವರು ಏನೋ ಹೊಳೆದಂತಾಗಿ ತಿರುಗಿ ಬಂದು ಹಿಂದಿನ ಫ್ಲೆಕ್ಸಿಗೆ ಕೈ ಹಾಕಿ ಜಗ್ಗಿದರು. ಅದು ಅಧ್ಯಕ್ಷರ ತಲೆಯ ಮೇಲಿಂದ ಹಾದು ಕೆಳಗೆ ಬಂತು.

"ಮಾಸ್ತರ, ಆ ತುದಿ ಹಿಡೀರಿ! ಲೇ ಶ್ರೇಣಿಕ, ನಡುವ ಹಿಡಿ!"

ಬನಹಟ್ಟಿಯ ಬಜಾರಿನಲ್ಲಿ ಅಂದು ಕಂಡ ದೃಶ್ಯವನ್ನು ಜನ ಇನ್ನೂ ಹೇಳುತ್ತಾರೆ. ಮುಂದೆ ಧೋತರ ಎತ್ತಿ ಕಟ್ಟಿದ ಗಿರಿಮಲ್ಲಪ್ಪನವರು, ಹಿಂದೆ ಒಂದು ಕೈಯಲ್ಲಿ ಗಂಟೆ ಹಿಡಿದ ನಾನು, ಅದನ್ನು ಇಟ್ಟು ಬರಲು ಮರೆತಿದ್ದೆ. ನಡುವೆ ಏದುಸಿರು ಬಿಡುವ ಶ್ರೇಣಿಕ. ನಮ್ಮ ಮೂವರ ನಡುವೆ ಗಾಳಿಗೆ ಉಬ್ಬಿದ ಇಪ್ಪತ್ತು ಅಡಿ ಫ್ಲೆಕ್ಸಿನ ಮೇಲೆ ಮೀಸೆ ತಿರುವುತ್ತಿರುವ ಗಿರಿಮಲ್ಲಪ್ಪನವರ ಮುಖ. ಗಂಟೆಯ ಸದ್ದಿಗೆ ಜನ ಬೆಂಕಿ ಬಿದ್ದಿದೆಯೆಂದು ದಾರಿ ಬಿಟ್ಟರು. ಹಿಂದೆ ರಾಜಕುಮಾರ ಫೋನು ಹಿಡಿದು ಓಡುತ್ತಿದ್ದ.

ಮಾಳಿಗೆ ಹತ್ತುವಷ್ಟರಲ್ಲಿ ದಪ್ಪ ಹನಿಗಳು ಬೀಳಲು ಶುರುವಾಗಿದ್ದವು. ಹೆಂಗಸರು ಸೆರಗು, ಚಾಪೆ, ಹಿಟ್ಟು ನಾದುವ ಪರಾತ, ಸಿಕ್ಕಿದ್ದನ್ನೆಲ್ಲ ಹಿಡಿದು ಕೋಲುಗಳ ಮೇಲೆ ಒಡ್ಡುತ್ತಿದ್ದರು. ಹನ್ನೊಂದು ಮನೆಯ ಹನ್ನೊಂದು ಸಾಲು. ಫ್ಲೆಕ್ಸು ಬಿಚ್ಚಿ ನೋಡಿದರೆ ಹತ್ತು ಸಾಲಿಗೆ ಸಾಕಾಗುವಷ್ಟಿತ್ತು. ನಾನು ಅಭ್ಯಾಸಬಲದಿಂದ ಈ ಕಡೆಯ ಸಾಲಿನಿಂದ, ಅಂದರೆ ಶಿವವ್ವನವರ ಸಾಲಿನಿಂದ ಹೊದಿಸಲು ಹೋದೆ.

"ಅದನ್ನ ಬಿಡ್ರಿ ಮಾಸ್ತರ! ಅದು ನಮ್ಮದು" ಎಂದು ಗಿರಿಮಲ್ಲಪ್ಪನವರು ಕೂಗಿದರು. "ಗ್ಯಾರಂಟಿ ಕೊಟ್ಟವ ನಾ. ಮಂದೀದು ಮುಚ್ಚ್ರಿ ಮೊದಲ!"

ಪರಾತ ಹಿಡಿದು ನಿಂತಿದ್ದ ಶಿವವ್ವನವರು ತಿರುಗಿ ಗಂಡನನ್ನು ನೋಡಿದರು. ತಮ್ಮ ಸಾಲಿನ ಮೇಲೆ ಹಿಡಿದಿದ್ದ ಪರಾತವನ್ನು ತೆಗೆದು ಪಕ್ಕದ ಸಾಲಿನ ತುದಿಗೆ ಒಡ್ಡಿದರು.

ಅರ್ಧ ಗಂಟೆ ಮಳೆ ಹೊಡೆಯಿತು. ಫ್ಲೆಕ್ಸಿನ ನಡುವೆ ನೀರು ನಿಂತು ಜಗ್ಗುತ್ತದೆಂದು ಗಿರಿಮಲ್ಲಪ್ಪನವರು ಅದರ ಕೆಳಗೆ ಹೊಕ್ಕು ನಡುಗಂಬದಂತೆ ತಲೆಯಿಂದ ಎತ್ತಿ ಹಿಡಿದು ನಿಂತರು. ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನು ಬಡಿಯಿತು. ಬಾಡಗಂಡಿಯ ಕಾಶಪ್ಪ. ಆತನ ದನಿ ನಮಗೆಲ್ಲ ಕೇಳುತ್ತಿತ್ತು.

"ಸಾಹುಕಾರ್ರ, ಇಲ್ಲಿ ಮೋಡ ಕವದಾವ. ನಾಳೆ ಮದಿವಿ. ಪೆಂಡಾಲಿಗೆ ಬಟ್ಟಿ ಸಾಕಲ್ರಿ?"

ಗಿರಿಮಲ್ಲಪ್ಪನವರು ಫ್ಲೆಕ್ಸಿನ ಕೆಳಗಿನಿಂದ ಸುತ್ತಲೂ ನೋಡಿದರು. ರಾಜಕುಮಾರನ ಫೋನು ಅವರತ್ತಲೇ ಇತ್ತು. ದನಿ ತಗ್ಗಿಸಿ, "ತಗಡ ಹಾಕಸ್ರಿ, ಲಗೂನ" ಎಂದರು. ಕರೆಂಟು ಇರಲಿಲ್ಲವಾದ್ದರಿಂದ ಅದೂ ಎಲ್ಲರಿಗೂ ಕೇಳಿಸಿತು.

ಮಳೆ ನಿಂತಾಗ ಹತ್ತು ಮನೆಯ ಶಾವಿಗೆ ಉಳಿದಿತ್ತು. ಶಿವವ್ವನವರದು ಕೋಲಿನಿಂದ ಜಾರಿ ಮಾಳಿಗೆಯ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಮಹಾದೇವಿ ಆಯಿ ತಮ್ಮ ಒಣಗಿದ ಸಾಲನ್ನು ನೋಡಿದರು, ಆ ಮುದ್ದೆಯನ್ನು ನೋಡಿದರು, ಹೊಸ ಗೋಧಿಯ ಮಾತು ಎತ್ತಲಿಲ್ಲ. ಎಲ್ಲರ ಕಣ್ಣೂ ಮಣೆಯ ಮೇಲಿತ್ತು. ತೊಯ್ದರೆ ಮಣೆ ಅಟ್ಟಕ್ಕೆ ಎಂದು ಶಿವವ್ವನವರು ಹೇಳಿದ್ದು ಓಣಿಗೆಲ್ಲ ಗೊತ್ತಿತ್ತು.

ಶಿವವ್ವನವರು ಮಣೆಯನ್ನು ಸೆರಗಿನಿಂದ ಒರೆಸಿದರು. ಎರಡೂ ಬದಿ, ಅಂಚು, ತುದಿ. ಆಮೇಲೆ ಗಂಡನ ಕೈಗೆ ಕೊಟ್ಟರು.

"ಅಟ್ಟಕ್ಕ ಹಾಕ್ರಿ."

ಗಿರಿಮಲ್ಲಪ್ಪನವರು ಮೈಯಿಂದ ನೀರು ಇಳಿಸುತ್ತ, ಮಣೆಯನ್ನು ಎದೆಗವಚಿಕೊಂಡು ಕೆಳಗೆ ಬಂದು ಏಣಿ ಹತ್ತಿದರು. ನಾವೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆವು. ಏಣಿಯ ನಡುವೆ ಅವರು ನಿಂತರು. ನಮ್ಮತ್ತ ತಿರುಗದೆ, ಅಟ್ಟದ ಕತ್ತಲೆಗೆ ಹೇಳುವವರಂತೆ ಕೇಳಿದರು:

"ಈ ಕಡೆ ಅಂಚಿನ್ಯಾಗ ಇಡಲೇನು? ಶಿವರಾತ್ರಿ ಮುಂಚೆ ಇಳಸಾಕ ಸಸಾರ ಆಗತೈತಿ."

"ಯಾವ ಶಿವರಾತ್ರಿ?" ಎಂದರು ಶಿವವ್ವನವರು.

"ಬರೂ ವರ್ಷದ್ದು." ಇನ್ನೊಂದು ಮೆಟ್ಟಿಲು ಹತ್ತಿ, "ಯುಗಾದಿ ಟೈಮಿಗೆ ನನಗ ಪುರಸೊತ್ತ ಇರಂಗಿಲ್ಲ" ಎಂದರು.

ಶಿವವ್ವನವರು ಮುಂದೆ ಬಂದು ಏಣಿಯ ಬುಡ ಹಿಡಿದರು. ಏಣಿ ಒಂದು ಸಲ ಕಿರ್ರೆಂದಿತು.

"ಅಂಚಿನ್ಯಾಗ ಇಡ್ರಿ" ಎಂದರು ಕೊನೆಗೆ. "ಮೊದಲ ತಲಿ ಒರಿಸಿಕೊಳ್ರಿ. ನೆಗಡಿ ಆಗತೈತಿ."

ಸರಿತಾ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ. ಮಳೆಯ ನೀರು ಎಂದು ಹೇಳಬಹುದಿತ್ತು, ಆದರೆ ಹೇಳುವುದಿಲ್ಲ.

ಈ ವರ್ಷ ಶಿವರಾತ್ರಿಗೆ ಹತ್ತು ದಿನ ಮೊದಲೇ ಹನ್ನೊಂದೂ ಮನೆಯ ಶಾವಿಗೆ ಆಯಿತು. ಕೋಲಿಗೆ ಕೋಲು ತಾಗಿದರೆ ಗಿಲಕಿಯಂತೆ ಸದ್ದಾಗುವಷ್ಟು ಖಡಕ್ಕಾಗಿ ಒಣಗಿತು. ಅಂದು ಸಂಜೆ ಎಲ್ಲರಿಗೂ ಶಿವವ್ವನವರ ಕಟ್ಟೆಯ ಮೇಲೆ ಊಟ. ಬಟ್ಟಲಲ್ಲಿ ಬಿಸಿ ಶಾವಿಗೆ, ಬೆಲ್ಲ, ಹಾಲು, ಮೇಲೆ ಒಂದು ಮಿಳ್ಳಿ ತುಪ್ಪ. ಜಮಖಂಡಿಯಿಂದ ಬಂದಿದ್ದ ಬೀಗರೊಬ್ಬರು ಬಟ್ಟಲು ಹಿಡಿದು, "ಇದೇನ್ರಿ, ಯುಗಾದಿ ಆದ ಮ್ಯಾಲ ಮಾಡತಿದ್ರೆಲ್ಲಾ? ಪದ್ಧತಿ ಬದಲಾತೇನು?" ಎಂದು ಕೇಳಿದರು.

"ಬದಲಾಗೂದೇನು?" ಎಂದರು ಗಿರಿಮಲ್ಲಪ್ಪನವರು. "ನಮ್ಮ ಓಣ್ಯಾಗ ಏನೂ ಬದಲಾಗಿಲ್ಲ. ನಾವು ನಮ್ಮಪ್ಪನ ಕಾಲದಿಂದ ಶಿವರಾತ್ರಿ ಮುಂಚೆನ ಮಾಡತೇವಿ."

ಶ್ರೇಣಿಕನ ಕೈಯಲ್ಲಿದ್ದ ಚಮಚ ಅರ್ಧದಲ್ಲಿ ನಿಂತಿತು. "ಲೇ, ಹೋದ ವರ್ಷ ಫ್ಲೆಕ್ಸ್ ಹೊತ್ತು ಓಡಿದ್ದು..."

"ಅದು ಚರ್ಚಾಕೂಟದ ಕೆಲಸಲೇ, ಅದ ಬ್ಯಾರೆ. ಬೇಕಾದ್ರ ಮಾಸ್ತರನ್ನ ಕೇಳು, ಓದಿದವರು, ಸುಳ್ಳ ಹೇಳಂಗಿಲ್ಲ. ಮಾಸ್ತರ, ಮೊದಲಿಂದ ಹಿಂಗ ಅಲ್ಲೇನ್ರಿ?"

ಎಲ್ಲರೂ ನನ್ನತ್ತ ತಿರುಗಿದರು. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಸತ್ಯವನ್ನೇ ಹೇಳಬೇಕೆಂದು ಕಲಿಸಿದವನು ನಾನು. ಶಿವವ್ವನವರು ತುಪ್ಪದ ಮಿಳ್ಳಿ ಹಿಡಿದು ನನ್ನ ಬಟ್ಟಲಿನ ಮೇಲೆ ನಿಂತಿದ್ದರು. ಸುರಿಯದೆ, ಕಾಯುತ್ತ, ತುಟಿಯಂಚಿನಲ್ಲಿ ನಗು ತಡೆದುಕೊಂಡು.

"ಹೌದ್ರಿ" ಎಂದೆ ನಾನು. "ಮೊದಲಿಂದನೂ ಹಿಂಗ."